ದೋರಾ ನದಿ ದಂಡೆಯ ದ್ರಾಕ್ಷಿ ಚಪ್ಪರಗಳು

ನಮ್ಮಪ್ಪ ದೇವನಹಳ್ಳಿ ಕಡೆ ಮೂವತ್ತು ವರ್ಷ ದ್ರಾಕ್ಷಿ ಬೆಳೆದವರು. ಬೆಂಗಳೂರು ನೀಲಿ, ಬೇರೆ ಯಾವುದೂ ಇಲ್ಲ. ಆದರೆ ವೈನ್ ಅನ್ನೋದನ್ನ ಬಾಯಿಗೆ ಮುಟ್ಟಿಸಿದವರಲ್ಲ. ನಮ್ಮ ಮನೆಯವರೂ ಅಷ್ಟೆ, ಕುಡಿಯೋದು ಕಾಫಿ ಮಾತ್ರ. ಹೀಗಿರುವಾಗ ನಾನು ರಜ ಹಾಕಿ, ದುಡ್ಡು ಕೂಡಿಸಿ, ಆಲ್ಪ್ಸ್ ಬೆಟ್ಟದ ಸಂದಿಯಲ್ಲಿರೋ ಒಂದು ವೈನ್ ಕಣಿವೆಗೆ ಹೊರಟಿದ್ದು ಯಾಕೆ ಅಂತ ಎಲ್ಲರೂ ಕೇಳಿದರು. ತಮ್ಮ ಟುರಿನ್‌ನಲ್ಲಿ ಓದುತ್ತಿದ್ದಾನೆ, ನೋಡಿಕೊಂಡು ಬರ್ತೀವಿ ಅಂದೆ. ಅದು ಅರ್ಧ ನಿಜ. ಇನ್ನರ್ಧ ಏನಂದ್ರೆ, ಅವನು ಒಂದು ಸಲ ಕಳಿಸಿದ ಫೋಟೋದಲ್ಲಿ ಕಲ್ಲು ಕಂಬದ ಮೇಲೆ ದ್ರಾಕ್ಷಿ ಚಪ್ಪರ ಹಬ್ಬಿತ್ತು. ಥೇಟ್ ನಮ್ಮ ತೋಟದ ಹಾಗೆ. ನಮ್ಮದನ್ನು ಅಪ್ಪ ಕಿತ್ತು ಹಾಕಿ ಆರು ವರ್ಷ ಆಯ್ತು.

ಆವೋಸ್ತಾ ಕಣಿವೆ ಇಟಲಿಯ ವಾಯವ್ಯ ಮೂಲೆಯಲ್ಲಿದೆ. ಆ ದೇಶದ ಅತಿ ಚಿಕ್ಕ ರಾಜ್ಯ ಅನ್ನಬಹುದು. ಒಂದು ಪಕ್ಕ ಫ್ರಾನ್ಸ್, ಇನ್ನೊಂದು ಪಕ್ಕ ಸ್ವಿಟ್ಜರ್ಲೆಂಡ್, ನಡುವೆ ದೋರಾ ಬಾಲ್ತೇಯಾ ಅನ್ನೋ ನದಿ. ಮೋಂ ಬ್ಲಾಂ ಶಿಖರದ ಬುಡದಿಂದ ಇಳಿದು ಬರುವ ಈ ನದಿಯ ಅಕ್ಕಪಕ್ಕ, ನೂರು ಕಿಲೋಮೀಟರ್ ಒಳಗೆ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟಗಳು. ಎಲ್ಲ ಸೇರಿಸಿದರೂ 500 ಹೆಕ್ಟೇರ್ ಆಗುವುದಿಲ್ಲ. ಇಷ್ಟಕ್ಕೂ ಸೇರಿ 1985ರಿಂದ ಒಂದೇ ಡಿಒಸಿ, ಅಂದರೆ ನಮ್ಮ ನಂಜನಗೂಡು ರಸಬಾಳೆಗೆ ಜಿಐ ಟ್ಯಾಗ್ ಇದೆಯಲ್ಲ, ಸುಮಾರು ಆ ಥರದ ಮುದ್ರೆ. ಯಾವ ಊರಲ್ಲಿ ಯಾವ ಹಣ್ಣು, ಎಷ್ಟು ಪಾಲು, ಎಷ್ಟು ತಿಂಗಳು ಇಡಬೇಕು ಅನ್ನೋದೆಲ್ಲ ಅದರಲ್ಲಿ ಬರೆದಿರುತ್ತದೆ. ಬಾಟಲಿ ಮೇಲೆ ಹೆಸರು ಇಟಾಲಿಯನ್‌ನಲ್ಲೂ ಇರಬಹುದು, ಫ್ರೆಂಚ್‌ನಲ್ಲೂ ಇರಬಹುದು. ಅಲ್ಲಿ ಎರಡೂ ಸರ್ಕಾರಿ ಭಾಷೆ. ಮನೆಯಲ್ಲಿ ಹಳಬರು ಆಡೋದು ಮಾತ್ರ ಮೂರನೆಯದು, ಪತ್ವಾ ಅಂತಾರೆ.

ಕೆಲಸ ಹಂಚಿಕೊಂಡೆವು. ಮನೆಯವರು ಗಾಡಿ ಓಡಿಸೋದು, ನಾನು ಕುಡಿಯೋದು, ತಮ್ಮ ಮಾತಾಡೋದು. ಕುಡಿದು ಗಾಡಿ ಓಡಿಸುವ ವಿಷಯದಲ್ಲಿ ಇಟಲಿಯವರು ಬಿಗಿ, ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ದಾಟಿದರೆ ಕೇಸು. ಇಂಥ ಪ್ರವಾಸಕ್ಕೆ ಕುಡಿಯದ ಗಂಡ ಸಿಕ್ಕೋದು ಪುಣ್ಯ. ಇಲ್ಲದವರು ಪ್ರತಿ ಕಡೆ ಇಡುವ ಉಗುಳೋ ಪಾತ್ರೆಯನ್ನು ನಾಚಿಕೆ ಬಿಟ್ಟು ಬಳಸಿ.

ಮೊದಲ ದಿನ: ಕರೇಮಾ, ಡೊನ್ನಾಸ್

ಸೆಪ್ಟೆಂಬರ್ ಕೊನೆಯ ವಾರ. ಟುರಿನ್‌ನಿಂದ ಬಾಡಿಗೆ ಕಾರಿನಲ್ಲಿ ಉತ್ತರಕ್ಕೆ ಒಂದು ಗಂಟೆ. ಬಯಲು ಮುಗಿದು ಬೆಟ್ಟಗಳು ಎರಡೂ ಕಡೆಯಿಂದ ಬಾಗಿಲು ಹಾಕಿದ ಹಾಗೆ ಹತ್ತಿರ ಬರುತ್ತವೆ. ಆವೋಸ್ತಾ ಗಡಿಗೆ ಸ್ವಲ್ಪ ಮುಂಚೆಯೇ ಕರೇಮಾ ಅನ್ನೋ ಊರು. ಇದು ಪಕ್ಕದ ಪಿಯೆಮೊಂತೆ ರಾಜ್ಯಕ್ಕೆ ಸೇರಿದ್ದು, ನಾವು ನೋಡಬೇಕೆಂದಿದ್ದ ಡಿಒಸಿಗೆ ಸೇರಿಲ್ಲ. ಆದರೂ ಇಳಿದೆವು, ಯಾಕಂದ್ರೆ ಫೋಟೋದಲ್ಲಿದ್ದ ಕಂಬಗಳು ಇಲ್ಲಿಯವು.

ನಮ್ಮ ಕಡೆ ಕಲ್ಲು ಕಂಬ ಅಂದರೆ ಸೀಳಿದ ಗ್ರಾನೈಟ್, ಕೈಯಗಲ ದಪ್ಪ. ಇಲ್ಲಿಯವು ಕಲ್ಲು, ಗಾರೆ ಸೇರಿಸಿ ಕಟ್ಟಿದ ಗುಂಡು ಕಂಬಗಳು, ಬುಡ ದಪ್ಪ, ತಲೆ ಸಣ್ಣ. ಪಿಲುನ್ ಅಂತ ಹೆಸರು. ಅದರ ಮೇಲೆ ಮರದ ಗಳು ಹಾಸಿ ಬಳ್ಳಿ ಹಬ್ಬಿಸಿದ್ದಾರೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಮಧ್ಯಾಹ್ನದ ನಿದ್ದೆ ಹೊತ್ತು.

"ಏನೇ ಇದು ಇಷ್ಟು ದಪ್ಪ? ಆನೆ ಕಟ್ತಾರಾ?" ಅಂದರು.

ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ನಮ್ಮ ಗಲಾಟೆ ಕೇಳಿ ಹತ್ತಿರ ಬಂದರು. ಅಪ್ಪನ ಪ್ರಶ್ನೆಯನ್ನು ತಮ್ಮ ಹಾಗೇ ಇಟಾಲಿಯನ್‌ನಲ್ಲಿ ಹೇಳಿಬಿಟ್ಟ. ಅವರು ನಕ್ಕು, ಕಂಬಕ್ಕೆ ಕೈ ಒತ್ತಿ ಹಿಡಿಯಿರಿ ಅಂದರು. ಬೆಚ್ಚಗಿತ್ತು. ಹಗಲು ಹೀರಿಕೊಂಡ ಬಿಸಿಲನ್ನು ಈ ಕಲ್ಲು ರಾತ್ರಿ ಬಳ್ಳಿಗೆ ಕೊಡುತ್ತದೆ, ಭಾರ ಹೊರೋದು ಅದರ ಒಂದು ಕೆಲಸ ಅಷ್ಟೆ. ಅಪ್ಪನಿಗೆ ಹೇಳಿದರೆ, ನಮಗೆ ಬಿಸಿಲು ತಪ್ಪಿಸೋದೇ ಕಷ್ಟ, ಅವರಿಗೆ ಉಳಿಸೋ ಕಷ್ಟ, ಇರಲಿ ಬಿಡು ಅಂತ ಫೋನಿಟ್ಟರು.

ಗಡಿ ದಾಟಿದರೆ ಡೊನ್ನಾಸ್. 1971ರಲ್ಲಿ ಈ ಕಣಿವೆಯಲ್ಲಿ ಮೊದಲು ಡಿಒಸಿ ಸಿಕ್ಕಿದ್ದು ಇದಕ್ಕೆ. ಹಣ್ಣು ನೆಬ್ಬಿಯೋಲೊ, ಅದೇ ದಕ್ಷಿಣಕ್ಕೆ ಬರೋಲೊ ವೈನ್ ಮಾಡ್ತಾರಲ್ಲ, ಅದು. ಇಲ್ಲಿ ಅದಕ್ಕೆ ಪಿಕೊತೆಂದ್ರೊ ಅಂತ ಮುದ್ದಿನ ಹೆಸರು, ಎಳೆ ತೊಟ್ಟಿನದು ಅಂತ ಅರ್ಥವಂತೆ. ನಾವು ಹೋದಾಗ ಗೊಂಚಲು ಇನ್ನೂ ಬಳ್ಳಿಯಲ್ಲೇ ಇತ್ತು. ಕೀಳೋದು ಅಕ್ಟೋಬರ್‌ಗೆ. ಸಹಕಾರ ಸಂಘದ ಅಂಗಡಿಯಲ್ಲಿ ಒಂದು ಗುಟುಕು ಕುಡಿದೆ. ಬಣ್ಣ ತೆಳು, ಕೋಕಂ ಶರಬತ್ತಿನ ಹಾಗೆ. ಏನೂ ಇಲ್ಲ ಅನ್ನಿಸಿತು. ಆಮೇಲೆ ಒಗರು ಬಂತು ನೋಡಿ, ನಾಲಿಗೆ ಅಂಗಳಕ್ಕೆ ಅಂಟಿಕೊಂಡಿತು. ಇದನ್ನು ಬರೀ ಕುಡಿಯಬಾರದು, ತಿನ್ನೋಕೆ ಏನಾದರೂ ಬೇಕು. ಅಲ್ಲಿನವರೇ ಫಾಂತೀನಾ ಚೀಸ್ ತುಂಡು ಮುಂದಿಟ್ಟರು. ಆಗ ಸರಿಹೋಯ್ತು.

ಊರಾಚೆ ರೋಮನ್ನರು ಬಂಡೆ ಕಡಿದು ಮಾಡಿದ ರಸ್ತೆ ಇದೆ. ಬಂಡೆಯಲ್ಲೇ ಬಿಟ್ಟ ಒಂದು ಕಮಾನು, ಆವೋಸ್ತಾದಿಂದ 36 ಮೈಲಿ ಅಂತ ತೋರಿಸುವ ಕಲ್ಲು, ಗಾಡಿ ಚಕ್ರದ ಗುಂಡಿ ಬಿದ್ದ ಗೆರೆಗಳು. ಮನೆಯವರು ವೈನ್ ಅಂಗಡಿಯಲ್ಲಿ ಗಡಿಯಾರ ನೋಡುತ್ತಿದ್ದವರು ಇಲ್ಲಿ ಒಂದು ಗಂಟೆ ಕದಲಲಿಲ್ಲ. ಪಕ್ಕದ ಬಾರ್ ಕೋಟೆಯಲ್ಲೂ ಹಾಗೇ. 1800ರಲ್ಲಿ ನೆಪೋಲಿಯನ್ನನ ದೊಡ್ಡ ಸೈನ್ಯವನ್ನು ನಾನೂರು ಜನ ಆಸ್ಟ್ರಿಯನ್ ಸೈನಿಕರು ಎರಡು ವಾರ ನಿಲ್ಲಿಸಿದ ಜಾಗ ಅದು. ಕಣಿವೆ ಅಲ್ಲಿ ಅಷ್ಟು ಕಿರಿದು. ನಮ್ಮನ್ನು ನಿಲ್ಲಿಸಿದ್ದು ಪಾರ್ಕಿಂಗ್ ಯಂತ್ರ. ನೋಟು ತಗೊಳ್ಳಲ್ಲ, ಕಾರ್ಡೂ ಓದಲ್ಲ. ಚಿಲ್ಲರೆ ಇಟ್ಟುಕೊಂಡು ಹೋಗಿ.

ಎರಡನೇ ದಿನ: ಷಾಂಬಾವ್, ನ್ಯೂಸ್

ಬೆಳಿಗ್ಗೆ ಆರ್ನಾದಲ್ಲಿ ತಮ್ಮ ಹಂದಿ ಕೊಬ್ಬು ತಿಂದ. ಅದೂ ಹೆಸರುವಾಸಿ, ರೋಸ್‌ಮೆರಿ ಮತ್ತೆ ಬೇರೆ ಸೊಪ್ಪುಗಳ ಜೊತೆ ಮರದ ಪೆಟ್ಟಿಗೆಯಲ್ಲಿ ಉಪ್ಪು ನೀರಿಗೆ ಹಾಕಿ ತಿಂಗಳುಗಟ್ಟಲೆ ಇಡುತ್ತಾರೆ. ತೆಳ್ಳಗೆ ಹೆರೆದು, ರೈ ರೊಟ್ಟಿ ಮೇಲೆ ಇಟ್ಟು, ಮೇಲೆ ಸ್ವಲ್ಪ ಜೇನು. ಮನೆಯವರು ಆ ಕಡೆ ತಿರುಗಿ ಬೆಟ್ಟ ನೋಡುತ್ತಾ ನಿಂತರು.

ಮುಂದೆ ನದಿ ತಿರುಗುತ್ತದೆ. ಅಲ್ಲಿಂದ ಮೇಲಕ್ಕೆ ಕಣಿವೆ ಪೂರ್ವ ಪಶ್ಚಿಮವಾಗಿ ಮಲಗಿದೆ. ಹಾಗಾಗಿ ಒಂದು ಬದಿಗೆ ದಿನವಿಡೀ ಬಿಸಿಲು, ಎದುರು ಬದಿಗೆ ನೆರಳು. ಬಿಸಿಲಿನ ಕಡೆ ಕಲ್ಲುಗೋಡೆ, ದ್ರಾಕ್ಷಿ, ಒಣ ಹುಲ್ಲು. ನೆರಳಿನ ಕಡೆ ಕಾಡು. ಗಾಡಿಯಿಂದಲೇ ಗೆರೆ ಎಳೆದ ಹಾಗೆ ಕಾಣುತ್ತೆ. ಆಲ್ಪ್ಸ್ ಅಂದರೆ ಹಸಿರು, ಮಳೆ ಅಂದುಕೊಂಡು ಹೋದವಳಿಗೆ ಇಲ್ಲಿಯ ಧೂಳು ನೋಡಿ ಆಶ್ಚರ್ಯ. ಸುತ್ತಲಿನ ದೊಡ್ಡ ಬೆಟ್ಟಗಳು ಮೋಡವನ್ನು ಆಚೆಯೇ ತಡೆದುಬಿಡುತ್ತವೆ. ಆವೋಸ್ತಾ ಪಟ್ಟಣದ ಸುತ್ತ ವರ್ಷದ ಮಳೆ ಸುಮಾರು 550 ಮಿಲಿಮೀಟರ್, ನಮ್ಮ ಚಿತ್ರದುರ್ಗದ ಕಡೆಯ ಲೆಕ್ಕ. ಅದಕ್ಕೇ ಮಧ್ಯಯುಗದಲ್ಲೇ ಹಿಮನದಿ ನೀರನ್ನು ಬೆಟ್ಟದ ಪಕ್ಕೆಗುಂಟ ಕಾಲುವೆ ತೋಡಿ ತಂದಿದ್ದಾರೆ. ರ್ಯು ಅಂತಾರೆ. ಅದರ ಪಕ್ಕ ನಡೆಯೋ ದಾರಿ ಏರಿಳಿತ ಇಲ್ಲದ್ದು, ಮೊಣಕಾಲು ನೋವಿರೋರಿಗೂ ಆಗುತ್ತೆ.

ಷಾಂಬಾವ್ ತಲುಪಿದಾಗ ಹನ್ನೆರಡೂಮುಕ್ಕಾಲು. ವೈನ್ ಮಳಿಗೆ ಬಾಗಿಲು ಹಾಕಿತ್ತು. ಪಕ್ಕದ್ದೂ ಹಾಕಿತ್ತು. ಊರಿಗೆ ಊರೇ ಊಟಕ್ಕೆ ಹೋಗಿತ್ತು. ಮೂರರ ತನಕ ಯಾರೂ ಸಿಗುವುದಿಲ್ಲ. ತಮ್ಮನಿಗೆ ಇದು ಗೊತ್ತಿತ್ತು, ಅವನೇ ಮರೆತಿದ್ದ. ಬೆಳಿಗ್ಗೆ ಹತ್ತಕ್ಕೆ ಒಂದು ಕಡೆ, ಮೂರಕ್ಕೆ ಇನ್ನೊಂದು ಕಡೆ ಅಂತ ಮೊದಲೇ ಫೋನ್ ಮಾಡಿ ಹೋಗಬೇಕು, ಅದರಲ್ಲೂ ಕುಯ್ಲಿನ ಸಮಯದಲ್ಲಿ.

ಬಿಸಿಲಲ್ಲಿ ಸುಮ್ನೆ ಗಲ್ಲಿ ಸುತ್ತುತ್ತಿದ್ದೆವು. ಒಂದು ಮನೆ ಮುಂದೆ ಹೋದಾಗ ನನ್ನ ಕಾಲು ತಾನಾಗಿ ನಿಂತಿತು. ವಾಸನೆ. ಆಗಸ್ಟ್‌ನಲ್ಲಿ ಅಪ್ಪ ಕ್ರೇಟ್ ತುಂಬಿ ಟೆಂಪೋಗೆ ಏರಿಸುವಾಗ ಇಡೀ ಅಂಗಳ ತುಂಬುತ್ತಿದ್ದ ಅದೇ ವಾಸನೆ. ತಲೆ ಎತ್ತಿದರೆ ಬಾಗಿಲ ಮೇಲೆ ಒಂದು ಸಣ್ಣ ಚಪ್ಪರ, ಕಪ್ಪು ನೀಲಿ ಗೊಂಚಲು, ಕೈಗೆ ಒರಟಾದ ದಪ್ಪ ಎಲೆ, ಹಿಂಬದಿ ಬೆಳ್ಳಗೆ. ನಾನು ಕತ್ತು ಎತ್ತಿ ನಿಂತಿದ್ದು ನೋಡಿ ಮನೆಯ ಅಜ್ಜಿ ಹೊರಗೆ ಬಂದರು. ಏನು ತಿಳಿದುಕೊಂಡರೋ, ಒಳಗೆ ಹೋಗಿ ಕತ್ತರಿ ತಂದು ಒಂದು ಗೊಂಚಲು ಕತ್ತರಿಸಿ ಕೈಗೆ ಕೊಟ್ಟರು. ಒಂದು ಹಣ್ಣು ಹಿಸುಕಿದೆ. ಸಿಪ್ಪೆ ಬೆರಳಲ್ಲಿ ಉಳಿಯಿತು, ತಿರುಳು ಜಾರಿ ಬಾಯೊಳಗೆ ಹೋಯ್ತು.

"ಊವಾ ಫ್ರಾಗೊಲಾ" ಅಂದರು ಅಜ್ಜಿ. ಸ್ಟ್ರಾಬೆರಿ ದ್ರಾಕ್ಷಿ ಅಂತ.

ಇದರ ಅಸಲು ಹೆಸರು ಇಸಬೆಲ್ಲಾ. ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಇರೋ ತಳಿ. ನಮ್ಮ ಬೆಂಗಳೂರು ನೀಲಿಯೂ ಇದೇ. ನಮ್ಮಲ್ಲಿ ಅದಕ್ಕೆ 2013ರಲ್ಲಿ ಜಿಐ ಸಿಕ್ಕಿತು, ಇಲ್ಲಿ ಅದರಿಂದ ಮಾಡಿದ್ದನ್ನು ವೈನ್ ಅಂತ ಮಾರುವ ಹಾಗೇ ಇಲ್ಲ, ಯುರೋಪಿನ ಕಾನೂನು ಬಿಡುವುದಿಲ್ಲ. ಮನೆ ಮುಂದೆ ನೆರಳಿಗೆ, ಮಕ್ಕಳಿಗೆ ತಿನ್ನೋಕೆ ಅಂತ ಇಟ್ಟುಕೊಳ್ಳುತ್ತಾರೆ. ಅಜ್ಜಿಗೆ ತಮ್ಮ ಇದನ್ನೆಲ್ಲ ಹೇಳಿದ. ನಮ್ಮಪ್ಪ ಎರಡು ಎಕರೆ ಬರೀ ಇದನ್ನೇ ಬೆಳೆದಿದ್ದರು, ವರ್ಷಕ್ಕೆ ಎರಡು ಬೆಳೆ ಅಂದ. ಅಜ್ಜಿ ಎರಡು ಬೆಳೆ ಅನ್ನೋದನ್ನು ನಂಬಲಿಲ್ಲ. ಚಳಿಗಾಲದಲ್ಲಿ ಬಳ್ಳಿ ಮಲಗಲ್ವಾ ಅಂತ ಕೇಳಿದರು. ನಮ್ಮಲ್ಲಿ ಮಲಗೋಕೆ ಬಿಡಲ್ಲ, ಸವರಿ ಎಬ್ಬಿಸ್ತೀವಿ ಅಂದೆ. ಪಾಪ ಅಂದರು, ಬಳ್ಳಿಗೆ.

ಮೂರಕ್ಕೆ ಮಳಿಗೆ ತೆರೆಯಿತು. ಷಾಂಬಾವ್‌ನ ಹೆಮ್ಮೆ ಮಸ್ಕಟ್. ಹೆಸರು ಕೇಳಿದರೆ ನಮಗೆ ಗಲ್ಫ್ ನೆನಪಾಗುತ್ತೆ, ಆದರೆ ಇದು ಘಮಘಮ ಅನ್ನೋ ಒಂದು ಬಿಳಿ ದ್ರಾಕ್ಷಿ. ಸಿಹಿ ಇರುತ್ತೆ ಅಂತ ಅಂದಾಜು ಮಾಡಿ ಕುಡಿದರೆ ಒಣ, ಅಂದರೆ ಸಿಹಿಯೇ ಇಲ್ಲ. ಮೂಗಿಗೆ ಹೂವಿನ ಅಂಗಡಿ, ಬಾಯಿಗೆ ಮರುಗದ ಕಹಿ. ಸಿಹಿ ಬೇಕಿದ್ದರೆ ಬೇರೆ ಇದೆ, ಹಣ್ಣನ್ನು ಗಾಳಿಯಾಡುವ ಕಡೆ ಒಣಗಿಸಿ ಮಾಡೋ ಪಸ್ಸೀತೊ. ಅದು ಸಣ್ಣ ಬಾಟಲಿ, ದೊಡ್ಡ ಬೆಲೆ. ಅರ್ಧ ಗ್ಲಾಸಿಗೇ ಮನಸ್ಸು ತುಂಬಿತು. ಮನೆಯವರು ಅದನ್ನು ಮೂಸಿ ನೋಡಿ, ಒಳ್ಳೆ ಗುಲ್ಕನ್ ಥರ ಇದೆ ಅಂದರು. ಅವರಿಂದ ಅದು ದೊಡ್ಡ ಮಾತು.

ಸಂಜೆ ಪಕ್ಕದ ನ್ಯೂಸ್‌ನಲ್ಲಿ ಮಾಲ್ವಾಸಿ ಅಂತ ಒಂದು ಬಿಳಿ ವೈನ್ ಕುಡಿದೆ. ಮಾಲ್ವಾಸಿ ಅಂದರೆ ಮಾಲ್ವಸಿಯಾ ದ್ರಾಕ್ಷಿ ಅಲ್ವಾ ಅಂದೆ, ಓದಿಕೊಂಡು ಹೋದ ಜಂಭದಲ್ಲಿ. ಅಲ್ಲವಂತೆ. ಅದು ಪಿನೋ ಗ್ರೀ ಅನ್ನೋ ಬೇರೆ ದ್ರಾಕ್ಷಿ. ಊರಲ್ಲಿ ಹಾಗೆ ಕರೆಯುತ್ತಾರೆ ಅಷ್ಟೆ. ಜಂಭ ಅಲ್ಲಿಗೆ ಇಳಿಯಿತು.

ಮೂರನೇ ದಿನ: ಆವೋಸ್ತಾ ಪಟ್ಟಣ, ಮಳೆ

ಮಳೆ ಕಡಿಮೆ ಅಂತ ನಿನ್ನೆ ಬರೆದೆನಲ್ಲ, ಇವತ್ತು ಬೆಳಗಿನಿಂದ ರಾತ್ರಿ ತನಕ ಸುರಿಯಿತು. ಕ್ರಿಸ್ತಪೂರ್ವ 25ರಲ್ಲಿ ರೋಮನ್ನರು ಕಟ್ಟಿದ ಊರು ಇದು. ಅಗಸ್ಟಸ್‌ನ ಕಮಾನು, ಹೆಬ್ಬಾಗಿಲು, ರಂಗಮಂದಿರದ ಗೋಡೆ ಎಲ್ಲ ಕೊಡೆ ಹಿಡಿದುಕೊಂಡೇ ನೋಡಿದೆವು. ಶೂ ಒಳಗೆ ನೀರು.

ಮಧ್ಯಾಹ್ನ ಬಿಸಿ ಏನಾದರೂ ಬೇಕಾಗಿತ್ತು. ಒಂದು ಸಣ್ಣ ಹೋಟೆಲಿನಲ್ಲಿ ವಾಲ್‌ಪೆಲ್ಲೀನ್ ಕಡೆಯ ಸಾರು ಅಂತ ಇತ್ತು. ಒಣ ರೊಟ್ಟಿ, ಎಲೆಕೋಸು, ಫಾಂತೀನಾ ಪದರ ಪದರವಾಗಿ ಇಟ್ಟು ಒಲೆಯಲ್ಲಿ ಬೇಯಿಸಿದ್ದು. ಮಾಂಸ ಇದೆಯಾ ಅಂತ ಕೇಳಿದೆವು. ಇಲ್ಲ, ಬರೀ ಕೋಸು, ರೊಟ್ಟಿ, ಚೀಸ್ ಅಂದರು. ಮನೆಯವರು ಎರಡು ಸಲ ಹಾಕಿಸಿಕೊಂಡು ತಿಂದರು. ಇಷ್ಟು ರುಚಿ ಹೇಗೆ ಬರುತ್ತೆ ಕೇಳು ಅಂತ ತಮ್ಮನಿಗೆ ಹೇಳಿದರು. ಅವನು ಕೇಳಿದ, ಉತ್ತರ ಬಂತು, ಅವನ ಮುಖ ಬಿಳುಪಾಯ್ತು.

"ಭಾವ... ಅದು... ನೀರು ಹಾಕಲ್ವಂತೆ. ದನದ ಮೂಳೆ ಸಾರು ಹಾಕ್ತಾರಂತೆ."

ಅಲ್ಲಿಯವರ ಪ್ರಕಾರ ಅವರು ಸುಳ್ಳು ಹೇಳಿಲ್ಲ. ತುಂಡು ಇದ್ದರೆ ಮಾಂಸ, ಸಾರು ಸಾರೇ. ಆದ್ದರಿಂದ ಸಸ್ಯಾಹಾರಿಗಳು ಮಾಂಸ ಇದೆಯಾ ಅಂತ ಕೇಳಿ ಬಿಡಬೇಡಿ, ಬೇಯಿಸಿದ ನೀರು ಯಾವುದು ಅಂತಲೂ ಕೇಳಿ. ಪೊಲೆಂತಾಗೆ ಬೆಣ್ಣೆ, ಚೀಸ್ ಕಲಸಿ ಕೊಡುವ ಪೊಲೆಂತಾ ಕೊನ್ಚಾ ಸಾಮಾನ್ಯವಾಗಿ ತೊಂದರೆ ಇಲ್ಲ. ಮೆಕ್ಕೆಜೋಳದ ಮುದ್ದೆ ಅಂದುಕೊಳ್ಳಿ. ತೀರಾ ಕಟ್ಟುನಿಟ್ಟಿನವರಾದರೆ ಫಾಂತೀನಾ ಹೆಪ್ಪಿಗೂ ಕರುವಿನ ಹೊಟ್ಟೆಯದೇ ರೆನೆಟ್ ಹಾಕುತ್ತಾರೆ, ಅದನ್ನು ನಾನು ಮನೆಯವರಿಗೆ ಇನ್ನೂ ಹೇಳಿಲ್ಲ. ಅವತ್ತು ಅವರು ರೂಮಿಗೆ ಹೋಗಿ ಮತ್ತೆ ಸ್ನಾನ ಮಾಡಿದರು. ಸಂಜೆ ನಾವಿಬ್ಬರೇ ವೈನ್ ಅಂಗಡಿಗೆ ಹೋದೆವು.

ಆ ಅಂಗಡಿಯಾಕೆ ಮಾತುಗಾತಿ. ಮಳೆಗೆ ಬೇರೆ ಗಿರಾಕಿ ಇರಲಿಲ್ಲ. ಐದು ಸಣ್ಣ ಗ್ಲಾಸ್ ಇಟ್ಟು ಕೆಂಪು ತಳಿಗಳ ಸಂಸಾರವನ್ನೇ ಬಿಚ್ಚಿದರು. ಪೆಟಿ ರೂಜ್, ಮಾಯೊಲೆ, ಕೊರ್ನಲಿನ್, ವಿಯೆರ್ಮಿನ್, ಫ್ಯುಮಿನ್. ಇವೆಲ್ಲ ಈ ಸುತ್ತಿನ ಬೆಟ್ಟ ಬಿಟ್ಟರೆ ಬೇರೆ ಕಡೆ ಹೆಚ್ಚು ಕಾಣವು. ನನಗೆ ತುಂಬಾ ಹಿಡಿಸಿದ್ದು ಹೆಸರುಗಳ ಗೊಂದಲ. ಬೆಟ್ಟದಾಚೆ ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯದಲ್ಲೂ ಕೊರ್ನಲಿನ್ ಇದೆ. ಅದೇ ಹಣ್ಣಾ? ಅಲ್ಲ. ಇಲ್ಲಿಯ ಕೊರ್ನಲಿನ್‌ಗೆ ಅಲ್ಲಿ ಉಮಾನ್ಯ್ ರೂಜ್ ಅಂತಾರೆ. ಅಲ್ಲಿಯ ಕೊರ್ನಲಿನ್ ಬೇರೆ, ಅದರ ಅಪ್ಪ ಅಮ್ಮ ಇಲ್ಲಿಯ ಪೆಟಿ ರೂಜ್ ಮತ್ತು ಮಾಯೊಲೆ ಅಂತ ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಯ್ತು. ಇಲ್ಲಿಯ ಕೊರ್ನಲಿನ್ ಆ ಸ್ವಿಸ್ ಕೊರ್ನಲಿನ್‌ನ ಮಗು. ಅಂದರೆ ಮಗಳು ಬೆಟ್ಟದಾಚೆ ಹೋಗಿ ಸಂಸಾರ ಮಾಡಿ, ಮೊಮ್ಮಗು ಅಜ್ಜಿ ಮನೆಯಲ್ಲೇ ಬೆಳೆದ ಹಾಗೆ, ಅದೂ ಅಮ್ಮನ ಹೆಸರಲ್ಲೇ. ನಮ್ಮ ಊರಲ್ಲಿ ಒಂದೇ ಮನೆಯಲ್ಲಿ ಮೂರು ಮುನಿಯಪ್ಪ ಇರ್ತಾರಲ್ಲ. ತಮ್ಮ ಇದನ್ನು ಅವರಿಗೆ ವಿವರಿಸೋಕೆ ಹೋಗಿ ಅರ್ಧದಲ್ಲೇ ಸೋತ.

ಐದರಲ್ಲಿ ಫ್ಯುಮಿನ್ ನನ್ನ ಪಾಲಿಗೆ ಮೊದಲು. ಹಣ್ಣಿನ ಮೇಲೆ ಬಿಳಿ ಪುಡಿ ಇರುತ್ತಲ್ಲ, ಒರೆಸಿದರೆ ಹೋಗೋದು, ಅದು ಈ ತಳಿಯಲ್ಲಿ ಜಾಸ್ತಿ, ಹೊಗೆ ಸುತ್ತಿದ ಹಾಗೆ. ಅದರಿಂದ ಈ ಹೆಸರಂತೆ. ಕುಡಿದರೆ ನೇರಳೆ ಹಣ್ಣು, ಕರಿಮೆಣಸು, ನಾಲಿಗೆ ಬಣ್ಣ ಕೂಡ ನೇರಳೆ ತಿಂದ ಹಾಗೇ. ವಿಯೆರ್ಮಿನ್ ಒಂದು ಕಾಲಕ್ಕೆ ಬೆರಳೆಣಿಕೆಯಷ್ಟು ಹಳೆ ಬಳ್ಳಿಗಳಿಗೆ ಇಳಿದಿತ್ತು. ಇಲ್ಲಿಯ ಕೃಷಿ ಸಂಸ್ಥೆಯವರು ಅವುಗಳಿಂದ ಕಡ್ಡಿ ತೆಗೆದು ಉಳಿಸಿದರು. ಆ ಸಂಸ್ಥೆಯ ಶಾಲೆಯನ್ನು 1951ರಲ್ಲಿ ಶುರು ಮಾಡಿದ್ದು ಗ್ರ್ಯಾಂಡ್ ಸೇಂಟ್ ಬರ್ನಾರ್ಡ್ ಮಠದ ಪಾದ್ರಿಗಳು, ಅದೇ ದೊಡ್ಡ ನಾಯಿಗಳ ಮಠ. ದ್ರಾಕ್ಷಿ ವಿಷಯದಲ್ಲಿ ಈ ಕಣಿವೆಯಲ್ಲಿ ಎಲ್ಲಿ ಕೆದಕಿದರೂ ಒಬ್ಬ ಪಾದ್ರಿ ಸಿಗುತ್ತಾರೆ.

ನಾಲ್ಕನೇ ದಿನ: ಏಮಾವಿಲ್, ಆರ್ವಿಯೇ

ಮಳೆ ನಿಂತು ಬೆಟ್ಟದ ತಲೆಗೆ ಹೊಸ ಹಿಮ ಬಿದ್ದಿತ್ತು. ಏಮಾವಿಲ್ ಕೋಟೆಯ ನಾಲ್ಕು ಗುಂಡು ಗೋಪುರಗಳ ಸುತ್ತ ದ್ರಾಕ್ಷಿ, ಎಲೆ ಆಗಲೇ ಹಳದಿಗೆ ತಿರುಗುತ್ತಿತ್ತು. ಇಲ್ಲಿಂದ ಎದುರಿನ ಸಾಂ-ಪಿಯೇರ್ ತನಕ ತೊರೆತ್ ಅನ್ನೋ ಕೆಂಪು ವೈನಿನ ನಾಡು. ಅದರಲ್ಲಿ ಕನಿಷ್ಠ ಶೇಕಡ 70 ಪಾಲು ಪೆಟಿ ರೂಜ್ ಇರಬೇಕು. ದಿನಾ ಊಟಕ್ಕೆ ಕುಡಿಯೋ ಸಲೀಸು ವೈನ್. ಕಣಿವೆಯ ಜನ ಪೇಟೆಗೆ ಕಳಿಸೋದಕ್ಕಿಂತ ತಾವೇ ಕುಡಿಯೋದು ಜಾಸ್ತಿ ಇರಬೇಕು ಅಂತ ನನ್ನ ಅನುಮಾನ. ಬೆಂಗಳೂರಿನಲ್ಲಿ ಇದರ ಒಂದು ಬಾಟಲಿಯನ್ನೂ ನಾನು ಕಂಡಿಲ್ಲ.

ನೆನ್ನೆಯ ಪಾಪಕ್ಕೆ ಪ್ರಾಯಶ್ಚಿತ್ತ ಅಂತ ಮನೆಯವರನ್ನು ಪೋಂ ದಾಯೆಲ್‌ಗೆ ಕರೆದುಕೊಂಡು ಹೋದೆವು. ಕ್ರಿಸ್ತಪೂರ್ವ 3ರಲ್ಲಿ ಕಮರಿಗೆ ಅಡ್ಡ ಕಟ್ಟಿದ ನೀರಿನ ಸೇತುವೆ. ಮೇಲೆ ನೀರು, ಅದರ ಕೆಳಗಿನ ಮಹಡಿಯಲ್ಲಿ ಜನ, ಕೆಳಗೆ ಐವತ್ತು ಮೀಟರಿಗೂ ಆಳದಲ್ಲಿ ಹೊಳೆ. ಸರ್ಕಾರ ಕಟ್ಟಿದ್ದೂ ಅಲ್ಲ, ಪಾದುವಾ ಊರಿನ ಒಬ್ಬ ಸಾಹುಕಾರ ಸ್ವಂತ ದುಡ್ಡಿನಲ್ಲಿ ಕಟ್ಟಿಸಿ ಹೆಸರು ಕೆತ್ತಿಸಿಕೊಂಡಿದ್ದಾನೆ. ಎಂಜಿನಿಯರ್ ಗಂಡನ ಮುನಿಸು ಅಲ್ಲಿಗೆ ಹೋಯ್ತು.

ಆರ್ವಿಯೇಗೆ ಹೋಗುವಾಗ ಎಡವಟ್ಟಾಯ್ತು. ಗೂಗಲ್ ಮ್ಯಾಪ್ ತೋಟದೊಳಗಿನ ಓಣಿಗೆ ತಿರುಗಿಸಿತು. ಎರಡು ಕಡೆ ಕಲ್ಲುಗೋಡೆ, ಗಾಡಿಗೂ ಗೋಡೆಗೂ ನಡುವೆ ಅಂಗೈ ಜಾಗ. ಮುಂದೆ ತಿರುವಿನಿಂದ ಕಿರ್ ಅನ್ನುತ್ತಾ ಒಂದು ಅಪೆ ಗಾಡಿ ಬಂತು. ಹೌದು, ನಮ್ಮೂರಲ್ಲಿ ಟೊಮೇಟೊ ಹಾಕ್ಕೊಂಡು ಹೋಗುತ್ತಲ್ಲ, ಅದೇ ಮೂರು ಚಕ್ರದ ಅಪೆ. ಹಿಂದೆ ತುಂಬಾ ದ್ರಾಕ್ಷಿ ಕ್ರೇಟು. ಅದರಿಂದ ಎಪ್ಪತ್ತು ದಾಟಿದ ಒಬ್ಬ ತಾತ ಇಳಿದು, ಬಯ್ಯಲಿಲ್ಲ, ಮನೆಯವರನ್ನು ಸೀಟಿನಿಂದ ಇಳಿಸಿ ತಾವೇ ಕೂತು ಗಾಡಿಯನ್ನು ಹಿಂದಕ್ಕೆ ತೆಗೆದರು. ಎಡಗಡೆ ಕನ್ನಡಿ ಮಾತ್ರ ಗೋಡೆಗೆ ಉಜ್ಜಿತು. ಬಾಡಿಗೆ ಕಾರಿಗೆ ಪೂರ್ತಿ ಇನ್ಶೂರೆನ್ಸ್ ಮಾಡಿಸಿ, ಚೌಕಾಶಿ ಮಾಡಬೇಡಿ. ಚಿಕ್ಕ ಗಾಡಿ ತಗೊಳ್ಳಿ.

ಅವರ ಹಿಂದೆಯೇ ನಡೆದುಕೊಂಡು ತೋಟ ನೋಡಿದೆವು. ಹೆಸರು ಆನ್ಫೆರ್, ಅಂದರೆ ನರಕ. ಬೋಗುಣಿ ಆಕಾರದ ಬಂಡೆ ಇಳಿಜಾರು, ದಕ್ಷಿಣಕ್ಕೆ ಮುಖ, ಸುತ್ತಲಿನ ಕಲ್ಲು ಕಾದು ಒಳಗೆ ಒಲೆ. ಸೆಪ್ಟೆಂಬರ್ ಕೊನೆಯಲ್ಲೂ ಸ್ವೆಟರ್ ಬಿಚ್ಚಿದೆ, ಎದುರಿಗೆ ಮಾತ್ರ ಹಿಮ ಕಾಣುತ್ತಿತ್ತು! ಇಷ್ಟೇ ಇಷ್ಟು ಜಾಗಕ್ಕೆ 1972ರಲ್ಲೇ ಬೇರೆ ಡಿಒಸಿ ಕೊಟ್ಟಿದ್ದರು. ಹಣ್ಣು ಇಲ್ಲೂ ಪೆಟಿ ರೂಜ್, ಆದರೆ ತೊರೆತ್‌ಗಿಂತ ಗಟ್ಟಿ, ಕೊನೆಗೆ ಸಣ್ಣ ಕಹಿ.

ಇಂಥ ಕಡಿದಾದ ಕಡೆ ಬೆಳೆಯೋದಕ್ಕೆ ಇಟಲಿಯಲ್ಲಿ ವೀರ ದ್ರಾಕ್ಷಿ ಬೇಸಾಯ ಅಂತಲೇ ಹೆಸರಿದೆ. ಅದಕ್ಕೊಂದು ಸಂಸ್ಥೆ ಇದೇ ಕಣಿವೆಯಲ್ಲಿದೆ, ಚೆರ್ವಿಮ್ ಅಂತ. ಇಳಿಜಾರು ಶೇಕಡ 30ಕ್ಕಿಂತ ಹೆಚ್ಚು ಅಥವಾ ಎತ್ತರ 500 ಮೀಟರ್ ಮೇಲೆ ಅಂತೆಲ್ಲ ಅವರ ಲೆಕ್ಕ. ಆ ತಾತನಿಗೆ ತಮ್ಮ, ನೀವು ವೀರರಂತೆ ಅಂದ. ಅವರು ಎರಡೂ ಮೊಣಕಾಲು ಮುಟ್ಟಿ ತೋರಿಸಿದರು. ಇದು ಪ್ಲಾಸ್ಟಿಕ್, ಇದು ಇನ್ನೂ ನನ್ನದು ಅಂದರು. ಮಕ್ಕಳು ಮಾಡ್ತಾರಾ ಅಂತ ನಾನು ಕೇಳಿಸಿದೆ. ಮಗಳು ಟುರಿನ್‌ನಲ್ಲಿ ಆಫೀಸು, ಕುಯ್ಲಿಗೆ ಮಾತ್ರ ರಜ ಹಾಕಿ ಬರ್ತಾಳೆ. ನೀನು ಅಪ್ಪನ ಕುಯ್ಲಿಗೆ ಹೋಗ್ತಿದ್ದೆಯಾ ಅಂತ ತಿರುಗಿ ಕೇಳಿದರು. ನಾನು ಎರಡೋ ಮೂರೋ ವರ್ಷ ಹೋಗಿರಬೇಕು. ಆಮೇಲೆ ಆಫೀಸು ಅಂತಿದ್ದೆ. ಏರ್‌ಪೋರ್ಟ್ ಬಂದು ಕೂಲಿಯವರು ಸಿಗದಾಗ ಅಪ್ಪ ಒಬ್ಬರೇ ಚಪ್ಪರ ಸವರಿದ ವರ್ಷವೂ ಇತ್ತು. ಹೌದು ಹೋಗ್ತಿದ್ದೆ ಅಂದೆ.

ಐದನೇ ದಿನ: ಮೋರ್ಜೆ, ಲಾ ಸಾಲ್

ಬರೆಯೋದು ಮೋರ್ಗೆಕ್ಸ್, ಓದೋದು ಮೋರ್ಜೆ. ಇಲ್ಲಿ ಊರೇ 900 ಮೀಟರ್ ಮೇಲೆ, ದ್ರಾಕ್ಷಿ 1,200 ಮೀಟರ್ ತನಕ. ಯುರೋಪಿನ ಅತಿ ಎತ್ತರದ ತೋಟಗಳಲ್ಲಿ ಇವೂ ಸೇರಿವೆ. ಕಣಿವೆಯ ಕೊನೆಯಲ್ಲಿ ಮೋಂ ಬ್ಲಾಂ ಬಿಳಿ ಗೋಡೆ. ಅವತ್ತು ಅದು ಹತ್ತು ನಿಮಿಷ ಕಂಡು ಮೋಡ ಹೊದ್ದುಕೊಂಡಿತು.

ಇಷ್ಟು ಚಳಿಯಲ್ಲಿ ಹಣ್ಣು ಇನ್ನೂ ಕಾಯಿಯಾಗಿರುತ್ತೆ ಅಂತ ನಾನು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಬಳ್ಳಿ ಖಾಲಿ. ಕುಯ್ಲು ಮುಗಿದೇ ಹೋಗಿತ್ತು. ಕೆಳಗೆ ಬೆಚ್ಚಗಿನ ಡೊನ್ನಾಸ್‌ನಲ್ಲಿ ಹಣ್ಣು ಇನ್ನೂ ಬಳ್ಳಿಯಲ್ಲಿ, ಮೇಲೆ ಹಿಮದ ಪಕ್ಕ ಆಗಲೇ ತೊಟ್ಟಿಯಲ್ಲಿ. ಇದು ಪ್ರಿಯೇ ಬ್ಲಾಂ ಅನ್ನೋ ತಳಿಯ ಜಾಣತನ. ತಡವಾಗಿ ಚಿಗುರುತ್ತೆ, ಬೇಗ ಮಾಗುತ್ತೆ. ಹಿಮ ಬೀಳುವ ಎರಡೂ ತುದಿಯನ್ನು ತಪ್ಪಿಸಿಕೊಂಡು ನಡುವಿನ ಚಿಕ್ಕ ಬೇಸಿಗೆಯಲ್ಲಿ ಸಂಸಾರ ಮುಗಿಸುತ್ತೆ. ಅದು ಸಿಗೋದು ಹೆಚ್ಚಾಗಿ ಇವೆರಡು ಊರಲ್ಲೇ.

ಇಲ್ಲಿಯ ಚಪ್ಪರ ನೋಡಿ ನಗು ಬಂತು. ನಮ್ಮ ಚಪ್ಪರ ತಲೆ ಮೇಲೆ, ಕೈ ಎತ್ತಿ ಕೀಳಬೇಕು. ಇಲ್ಲಿಯದು ಸೊಂಟಕ್ಕೂ ಬರಲ್ಲ. ನೆಲದ ಬಿಸಿ ಹಣ್ಣಿಗೆ ತಾಗಲಿ, ಗಾಳಿ ಕೀಳದಿರಲಿ, ಹಿಮದ ಭಾರಕ್ಕೆ ಮುರಿಯದಿರಲಿ ಅಂತ ಹೀಗೆ ಕುಳ್ಳಗೆ ಕಟ್ಟಿದ್ದಾರೆ. ಸವರೋದು, ಕಟ್ಟೋದು, ಕೀಳೋದು ಎಲ್ಲ ಕುಕ್ಕರಗಾಲಲ್ಲಿ. ನಾನು ಒಳಗೆ ತೂರಿ ಕೂತೆ. ಐದು ನಿಮಿಷಕ್ಕೆ ತೊಡೆ ಉರಿಯಿತು. ಒಂದು ಮೂಲೆಯಲ್ಲಿ ಕುಯ್ಯುವವರು ಬಿಟ್ಟ ಸಣ್ಣ ಗೊಂಚಲು ಸಿಕ್ಕಿತು, ಹಸಿರು ಹಳದಿ, ಹುಳಿ ಮಧುರ.

ಇನ್ನೊಂದು ವಿಶೇಷ ಮಣ್ಣೊಳಗಿದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಿಂದ ಬಂದ ಫಿಲೋಕ್ಸೆರಾ ಅನ್ನೋ ಹೇನಿನಂಥ ಹುಳು ಯುರೋಪಿನ ದ್ರಾಕ್ಷಿ ಬೇರನ್ನೆಲ್ಲ ತಿಂದು ಹಾಕಿತು. ಅಮೆರಿಕದ ಬೇರಿಗೆ ಅದು ಅಷ್ಟು ತಾಗದು. ಹಾಗಾಗಿ ಬೇರು ಅಮೆರಿಕದ್ದು, ಮೇಲೆ ಕಸಿ ಯುರೋಪಿನದು ಅನ್ನೋದೇ ಎಲ್ಲೆಲ್ಲೂ ಪದ್ಧತಿಯಾಯ್ತು. ಮೋರ್ಜೆ ಎತ್ತರಕ್ಕೆ, ಚಳಿಗೆ ಆ ಹುಳು ಹತ್ತಲಿಲ್ಲ. ಇಲ್ಲಿ ಬಳ್ಳಿ ಇಂದಿಗೂ ಸ್ವಂತ ಬೇರಿನ ಮೇಲಿದೆ. ಕಡ್ಡಿ ಮುರಿದು ನೆಟ್ಟರೆ ಆಯ್ತು. ಬೆಂಗಳೂರು ನೀಲಿಯನ್ನು ಅಪ್ಪ ನೆಡುತ್ತಿದ್ದದ್ದೂ ಹಾಗೇ.

ಅಪ್ಪನಿಗೆ ಮತ್ತೆ ವಿಡಿಯೋ. ಚಪ್ಪರ ಕೆಳಗಿನಿಂದ ತೋರಿಸಿದೆ.

"ಇದೇನೇ, ಕುರಿ ಮೇಯಿಸೋ ಎತ್ತರಕ್ಕೆ ಕಟ್ಟವ್ರೆ! ಕೂಲಿ ಎಷ್ಟು ಕೊಡ್ತಾರಂತೆ?"

ಸಹಕಾರ ಸಂಘದವರನ್ನು ಕೇಳಿದೆವು. ಕೂಲಿಗಿಂತ ಮನೆಯವರು, ನೆಂಟರೇ ಜಾಸ್ತಿಯಂತೆ. ಒಬ್ಬೊಬ್ಬರದು ಸೀರೆ ಹಾಸಿದಷ್ಟು ತುಂಡು ನೆಲ. ಎಲ್ಲರೂ ಕಲ್ಲುಗೋಡೆ ದಾಟಿಸಿ ಹಣ್ಣು ತಂದು ಇಲ್ಲಿ ಸುರೀತಾರೆ. 1983ರಲ್ಲಿ ಈ ಸಂಘ ಆಗಿದ್ದು. ಅದಕ್ಕೂ ಮುಂಚೆ ಊರಿನ ಪಾದ್ರಿ ಅಲೆಕ್ಸಾಂಡ್ರ್ ಬೂಜಾ ಈ ವೈನನ್ನು ಬಾಟಲಿಗೆ ತುಂಬಿಸಿ, ಇದು ಒಳ್ಳೆಯದೇ ಅಂತ ಊರವರನ್ನೇ ನಂಬಿಸಿದ್ದರು. ಹೇಳಿದೆನಲ್ಲ, ಕೆದಕಿದರೆ ಒಬ್ಬ ಪಾದ್ರಿ.

ವೈನ್ ಹೇಗಿತ್ತು ಅಂದರೆ, ಬಣ್ಣವೇ ಇಲ್ಲ, ಎಳನೀರಿನ ಹಾಗೆ. ಹೇರಳೆಕಾಯಿ ಸಿಪ್ಪೆ, ಒಣ ಹುಲ್ಲು, ಮಳೆ ಬಿದ್ದ ಕಲ್ಲು. ಅಮಲು ಕಡಿಮೆ, ಹುಳಿ ಜಾಸ್ತಿ. ಐದು ದಿನದಲ್ಲಿ ಕುಡಿದದ್ದರಲ್ಲಿ ಇದೇ ದೊಡ್ಡದು ಅನ್ನಲಾರೆ, ಫ್ಯುಮಿನ್ ಮುಂದೆ ಇದು ಮಗು. ಆದರೆ ಎರಡನೇ ಗ್ಲಾಸ್ ಕೇಳಿ ತಗೊಂಡಿದ್ದು ಇದನ್ನು ಮಾತ್ರ.

ಎರಡು ಬಾಟಲಿ ಪ್ಯಾಕ್ ಮಾಡಿಸಿದೆ. ಭಾರತಕ್ಕೆ ತಲೆಗೆ ಎರಡು ಲೀಟರ್ ತನಕ ಸುಂಕ ಇಲ್ಲದೆ ತರಬಹುದು. ಹಳೆ ಕಾಟನ್ ಸೀರೆಯಲ್ಲಿ ಸುತ್ತಿ ಸೂಟ್‌ಕೇಸ್ ನಡುವೆ ಇಟ್ಟರೆ ಬಬಲ್ ರ್ಯಾಪ್‌ಗಿಂತ ವಾಸಿ.

ಊರಿಗೆ ಹೋದಾಗ ಒಂದು ಬಾಟಲಿ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಅಪ್ಪನ ಮುಂದೆ ತೆಗೆದೆ. ಬೇಡ ಬೇಡ ಅಂದರು. ಅಮ್ಮ ಒಳಗಿನಿಂದ ಬಯ್ದರು. ಆಮೇಲೆ ಅಪ್ಪನೇ ಔಷಧಿ ಕುಡಿಯೋ ಸಣ್ಣ ಲೋಟ ತಂದು, ಇಷ್ಟು ಹಾಕು ಅಂತ ಬೆರಳಲ್ಲಿ ತೋರಿಸಿದರು. ಬಾಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಚಪ್ಪರ ಇದ್ದ ಕಡೆ ನೋಡುತ್ತಾ ಕೂತರು. ನುಂಗಿದರು.

"ಹುಳಿ" ಅಂದರು. "ಇನ್ನೊಂದು ಹದಿನೈದು ದಿನ ಬಳ್ಳೀಲೇ ಬಿಡಬೇಕಿತ್ತು."